ಕಾರಿನ ಪೆಟ್ರೋಲ್ ಲೈನಿಗೆ ಹೊರಗಿನ ಫಿಟ್ಟಿಂಗ್: ಸುರಕ್ಷಿತವಾಗಿ ಕೂಡಿಸುವುದು ಹೇಗೆ?

ಮಳೆ ಜೋರಾಗಿ ಮುಂಬಯಿಯ ಗಟಾರಗಳು ತುಂಬಿದ ಕೂಡಲೇ ಹೆಗ್ಗಣಗಳು ಮೇಲೆ ಬರುತ್ತವೆ. ಅವಕ್ಕೆ ಬೇಕಾದದ್ದು ಒಣಗಿದ, ಬೆಚ್ಚಗಿನ ಜಾಗ. ರಾತ್ರಿ ಬಂದು ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ನಿಂತ ಕಾರಿನ ಬಾನೆಟ್ಟಿನ ಕೆಳಗೆ ಎರಡೂ ಸಿಗುತ್ತವೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮುಲುಂಡಿನ ನನ್ನ ಗ್ಯಾರೇಜಿಗೆ ಪೆಟ್ರೋಲ್ ಸೋರುತ್ತದೆ ಎಂದು ಬರುವ ಕಾರುಗಳಲ್ಲಿ ಹೆಚ್ಚಿನವು ಇಲಿ, ಹೆಗ್ಗಣ ಕಚ್ಚಿದವೇ.

ಕಳೆದ ವರ್ಷ ಚೌತಿಗೆ ನಾಲ್ಕು ದಿನವಿದೆ ಎನ್ನುವಾಗ ಡೊಂಬಿವಲಿಯಿಂದ ಒಬ್ಬರು ಬಂದರು. ಕುಂದಾಪುರದ ಕಡೆಯವರು, ಇಲ್ಲಿ ಹೋಟೆಲ್ ನಡೆಸುತ್ತಾರೆ. ಮಾರನೆಯ ದಿನ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ ಎಲ್ಲರನ್ನೂ ಕೂರಿಸಿಕೊಂಡು ಊರಿಗೆ ಹೊರಡುವವರಿದ್ದರು. “ಅಣ್ಣಾ, ಹೋದ ವಾರವಷ್ಟೇ ಪೈಪ್ ಸರಿಮಾಡಿಸಿದ್ದೇನೆ. ಆದರೂ ಎ.ಸಿ. ಹಾಕಿದರೆ ಒಳಗೆ ಪೆಟ್ರೋಲ್ ವಾಸನೆ. ಅಮ್ಮನಿಗೆ ವಾಂತಿ ಬಂದಂತಾಗುತ್ತದೆ. ಸ್ವಲ್ಪ ನೋಡಿ” ಎಂದರು.

ಬಾನೆಟ್ ಎತ್ತಿ ಟಾರ್ಚ್ ಹಿಡಿದೆ. ಹೆಗ್ಗಣ ಕಚ್ಚಿದ ತುಂಡನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಗೇಣುದ್ದದ ರಬ್ಬರ್ ಹೋಸ್ ಕೂಡಿಸಿದ್ದರು. ಒಂದು ತುದಿ ನಿಪ್ಪಲ್ ಎಂಬ ಹಿತ್ತಾಳೆಯ ಗಿಡ್ಡ ಕೊಳವೆಯ ಮೇಲೆ, ಇನ್ನೊಂದು ತುದಿ ಕಂಪನಿಯ ನುಣುಪಾದ ನೈಲಾನ್ ಪೈಪಿನ ಮೇಲೆ. ಎರಡಕ್ಕೂ ಪಟ್ಟಿಯಲ್ಲಿ ಸೀಳುಗಳಿರುವ ಅಗ್ಗದ ಕ್ಲಾಂಪ್. ಬಿಗಿ ಮಾಡಿದ ಭರಕ್ಕೆ ಆ ಸೀಳುಗಳಿಂದ ರಬ್ಬರು ಚಕ್ಕುಲಿ ಒರಳಿನಿಂದ ಹಿಟ್ಟು ಬಂದಂತೆ ಉಬ್ಬಿ ಹೊರಗೆ ಬಂದಿತ್ತು. ನೈಲಾನ್ ಪೈಪಿನ ಮೇಲೆ ಹೋಸ್ ಮೊದಲು ಎಲ್ಲಿತ್ತು ಎನ್ನುವುದಕ್ಕೆ ಧೂಳಿನ ಗೆರೆಯೊಂದು ಉಳಿದಿತ್ತು. ಈಗ ಅದು ಆ ಗೆರೆಯಿಂದ ಉಗುರಿನಗಲ ಹಿಂದೆ ಸರಿದಿತ್ತು. ಮುಂಬಯಿ–ಗೋವಾ ಹೆದ್ದಾರಿಯ ಕಶೇಡಿ ಘಾಟ್ ಹತ್ತುವ ಹೊತ್ತಿಗೆ ಪೂರ್ತಿ ಕಳಚಿಕೊಳ್ಳುತ್ತಿತ್ತೋ ಏನೋ. ಕಾರಿನಲ್ಲಿ ಐದು ಜೀವ.

ಅದನ್ನು ಮಾಡಿಕೊಟ್ಟವನು ಮೋಸಗಾರನಲ್ಲ. ಕೂಡಿಸಿದ, ಎಂಜಿನ್ ಸ್ಟಾರ್ಟ್ ಮಾಡಿದ, ಸೋರಲಿಲ್ಲ, ಕಳಿಸಿದ. ಪೆಟ್ರೋಲ್ ಲೈನಿನ ವಿಷಯದಲ್ಲಿ ನಿಲ್ಲುವುದು ಬೇರೆ, ಕೂಡುವುದು ಬೇರೆ. ಯಾವ ಜೋಡಣೆಯೂ ಐದು ನಿಮಿಷ ನಿಲ್ಲುತ್ತದೆ. ಎಂಜಿನ್ನಿನ ಕಾವು, ನಡುಕ, ಒತ್ತಡ, ಎಥನಾಲ್ ಎಲ್ಲವನ್ನೂ ವರ್ಷಗಟ್ಟಲೆ ತಡೆದುಕೊಳ್ಳಬೇಕಾದರೆ ಎರಡೂ ಬದಿಯ ತುದಿಗಳು ಒಂದಕ್ಕೊಂದು ಹೇಳಿ ಮಾಡಿಸಿದವೇ ಆಗಿರಬೇಕು. ಫಿಲ್ಟರ್ ಬದಲಿಸುವವರು, ಪ್ರೆಷರ್ ಗೇಜ್ ಹಾಕಿಸುವವರು, ಹಳೆಯ ಕಾರಿಗೆ ಹೊಸ ಪಂಪ್ ಕೂಡಿಸುವವರು, ಇಲಿ ಕಚ್ಚಿದ್ದನ್ನು ರಿಪೇರಿ ಮಾಡಿಸುವವರು ಎಲ್ಲರಿಗೂ ಅನ್ವಯಿಸುವಂತೆ, ಹೊರಗಿನ ಫಿಟ್ಟಿಂಗ್, ಎಂದರೆ ಕಂಪನಿಯದಲ್ಲದ ಜೋಡಣೆಯ ಬಿಡಿಭಾಗ, ಕೂಡಿಸುವ ಕೆಲಸದ ಕ್ರಮವನ್ನು ಬರೆಯುತ್ತಿದ್ದೇನೆ. ನೀವೇ ಸ್ಪ್ಯಾನರ್ ಹಿಡಿಯದಿದ್ದರೂ ಸರಿ, ಮೆಕ್ಯಾನಿಕ್ಕಿನ ಪಕ್ಕದಲ್ಲಿ ನಿಂತು ಏನು ಕೇಳಬೇಕೆಂದು ತಿಳಿದಿರಲಿ.

ಮೊದಲು, ಯಾವುದನ್ನು ಮುಟ್ಟಬಾರದು

ಎಲ್ಲ ಇಂಧನ ಪೈಪುಗಳೂ ಒಂದೇ ಅಲ್ಲ. ಹಳೆಯ ಕಾರ್ಬ್ಯುರೇಟರ್ ಕಾರುಗಳಲ್ಲಿ ಪೈಪಿನೊಳಗಿನ ಒತ್ತಡ ಅರ್ಧ ಬಾರ್ ಕೂಡ ಇರುವುದಿಲ್ಲ. ಈಗ ರಸ್ತೆಯಲ್ಲಿರುವ ಸಾಮಾನ್ಯ ಪೆಟ್ರೋಲ್ ಇಂಜೆಕ್ಷನ್ ಕಾರುಗಳಲ್ಲಿ ಟ್ಯಾಂಕಿನೊಳಗಿನ ಪಂಪ್ ಸುಮಾರು 3ರಿಂದ 4 ಬಾರ್ ಒತ್ತಡದಲ್ಲಿ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಕಾರಿನ ಟೈರಿಗೆ ಹಾಕುವ ಗಾಳಿ 2 ಬಾರ್‌ಗಿಂತ ತುಸು ಹೆಚ್ಚು ಎಂಬುದನ್ನು ನೆನಪಿಟ್ಟುಕೊಂಡರೆ ಇದು ಎಷ್ಟು ಎಂದು ಅಂದಾಜಾಗುತ್ತದೆ. ಈ ಲೇಖನ ಇವೆರಡು ಬಗೆಯ ಲೈನುಗಳಿಗೆ ಮಾತ್ರ.

ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಜಿ.ಡಿ.ಐ. ಎಂಜಿನ್ನುಗಳಲ್ಲಿ ಎಂಜಿನ್ ಮೇಲಿನ ಎರಡನೆಯ ಪಂಪ್ ದಾಟಿದ ಮೇಲೆ ಒತ್ತಡ ನೂರಾರು ಬಾರ್‌ಗೆ ಏರುತ್ತದೆ. ಕಾಮನ್ ರೈಲ್ ಡೀಸೆಲ್‌ಗಳಲ್ಲಿ ಅದು ಸಾವಿರ ದಾಟುತ್ತದೆ. ಅಲ್ಲಿ ಕೂದಲೆಳೆಯಷ್ಟು ಸಂದಿನಿಂದ ಚಿಮ್ಮಿದ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿಮೊನೆಯಷ್ಟು ಗಾಯ, ಒಳಗೆ ಶಸ್ತ್ರಚಿಕಿತ್ಸೆ ಬೇಕಾಗುವಷ್ಟು ಹಾನಿ. ಆ ಉಕ್ಕಿನ ಪೈಪುಗಳಿಗೆ ಹೊರಗಿನ ಯಾವ ಫಿಟ್ಟಿಂಗನ್ನೂ ಕೂಡಿಸಬೇಡಿ. ಸಿ.ಎನ್.ಜಿ. ಪೈಪೂ ಹಾಗೆಯೇ: ತುಂಬಿದ ಸಿಲಿಂಡರಿನಲ್ಲಿ 200 ಬಾರ್ ಇರುತ್ತದೆ, ಅದು ಅಧಿಕೃತ ಕೇಂದ್ರದವರ ಕೆಲಸ.

ಇಂಧನ ವ್ಯವಸ್ಥೆಯನ್ನೇ ಬದಲಿಸುವ ಯೋಚನೆಯಿದ್ದರೆ ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೆಟ್ಟ ಹೋಸಿಗೆ ಸರಿಯಾದ ಹೋಸ್ ಹಾಕುವುದು ರಿಪೇರಿ. ಹೆಚ್ಚು ಶಕ್ತಿಗಾಗಿ ಪಂಪ್, ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ ಬದಲಿಸುವುದು ಮಾರ್ಪಾಡು. ಎರಡನೆಯದಕ್ಕೆ ಕೈಹಾಕುವ ಮೊದಲು ವಾರಂಟಿಯ ಷರತ್ತು ಓದಿ, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ.

ಇರುವುದು ಏನು ಎಂದು ತಿಳಿಯುವುದು

ನನ್ನ ಅನುಭವದಲ್ಲಿ ಈ ಕೆಲಸದ ಅರ್ಧ ಭಾಗ ಅಳತೆಯೇ. ಅಂಗಡಿಗೆ ಹೋಗುವ ಮೊದಲು ಕಾರಿನ ಕೆಳಗೆ ಮತ್ತು ಎಂಜಿನ್ ಪಕ್ಕದಲ್ಲಿ ಟಾರ್ಚ್ ಹಿಡಿದು ನೋಡಿ. ಟ್ಯಾಂಕಿನಿಂದ ಬರುವ ಪೈಪುಗಳು ಎರಡೋ ಮೂರೋ ಇರುತ್ತವೆ. ಒಂದು ಪೆಟ್ರೋಲ್ ಮುಂದಕ್ಕೆ ಹೋಗುವುದು. ಇನ್ನೊಂದು ಟ್ಯಾಂಕಿನ ಆವಿಯನ್ನು ಇದ್ದಿಲಿನ ಡಬ್ಬಿಗೆ, ಅಲ್ಲಿಂದ ಎಂಜಿನ್ನಿಗೆ ಒಯ್ಯುವುದು. ಕೆಲವು ಕಾರುಗಳಲ್ಲಿ ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ಮರಳುವ ಮೂರನೆಯದೂ ಇರುತ್ತದೆ. ಇತ್ತೀಚಿನ ಹಲವು ಕಾರುಗಳಲ್ಲಿ ಒತ್ತಡ ನಿಯಂತ್ರಣ ಟ್ಯಾಂಕಿನೊಳಗೇ ಆಗುವುದರಿಂದ ಈ ಮರಳುವ ಪೈಪು ಇರುವುದಿಲ್ಲ. ಮೂರೂ ನೋಡಲು ಅಣ್ಣತಮ್ಮಂದಿರಂತಿರುತ್ತವೆ. ಆವಿಯ ಪೈಪಿಗೆ ಗೇಜ್ ಕೂಡಿಸಿ “ಪಂಪ್ ಸತ್ತಿದೆ” ಎಂದು ಹೊಸ ಪಂಪ್ ಹಾಕಿಸಿಕೊಂಡವರನ್ನು ನಾನು ನೋಡಿದ್ದೇನೆ. ಆ ಮಾದರಿಯ ಸರ್ವಿಸ್ ಪುಸ್ತಕದ ಚಿತ್ರದೊಂದಿಗೆ ತಾಳೆ ನೋಡದೆ ಯಾವುದನ್ನೂ ಬಿಚ್ಚಬೇಡಿ.

ಆಮೇಲೆ ಪೈಪು ಯಾವುದರದ್ದು ಎಂದು ನೋಡಿ. ನೆಲದಡಿಯಲ್ಲಿ ಉದ್ದಕ್ಕೆ ಹೋಗುವುದು ಉಕ್ಕಿನದೋ ನೈಲಾನಿನದೋ ಆಗಿರುತ್ತದೆ. ಎಂಜಿನ್ ಹತ್ತಿರ ತುಸು ಬಾಗುವಂತಹ ತುಂಡು ಇರುತ್ತದೆ. ಮುಂಬಯಿಯಲ್ಲಿ ಕಡಲ ಗಾಳಿಯ ಉಪ್ಪಿಗೆ ಉಕ್ಕಿನ ಪೈಪು ಕ್ಲಿಪ್ಪುಗಳ ಅಡಿಯಲ್ಲಿ ತುಕ್ಕು ಹಿಡಿಯುತ್ತದೆ, ಮೇಲಿನಿಂದ ಕಾಣುವುದಿಲ್ಲ. ಕ್ಲಿಪ್ ಬಿಡಿಸಿ ಬೆರಳು ಸವರಿ. ಪದರ ಪದರವಾಗಿ ಏಳುತ್ತಿದ್ದರೆ ಅದಕ್ಕೆ ಫಿಟ್ಟಿಂಗ್ ಕೂಡಿಸುವುದು ವ್ಯರ್ಥ, ಪೈಪನ್ನೇ ಬದಲಿಸಬೇಕು.

ಈಗ ತುದಿ. ಹೆಚ್ಚಿನ ಇಂಜೆಕ್ಷನ್ ಕಾರುಗಳಲ್ಲಿ ಒತ್ತಿದರೆ ಟಕ್ ಎಂದು ಕೂರುವ ಕ್ವಿಕ್ ಕನೆಕ್ಟರ್ ಇರುತ್ತದೆ. ಗಂಡು ತುದಿಯಲ್ಲಿ ನುಣುಪಾದ ಕೊಳವೆ, ಅದರ ಹಿಂದೆ ಒಂದು ಉಬ್ಬಿದ ಬಳೆ. ಹೆಣ್ಣು ತುದಿಯೊಳಗೆ ಸೋರದಂತೆ ತಡೆಯುವ ರಬ್ಬರ್ ಉಂಗುರಗಳಾದ ಓ ರಿಂಗ್‌ಗಳು, ಬಳೆಯನ್ನು ಹಿಡಿಯುವ ಪ್ಲಾಸ್ಟಿಕ್ ಬೀಗ. ಬಳೆಯ ಮುಂದಿನ ನುಣುಪು ಭಾಗವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿರಿ. 6.3 ಮಿ.ಮೀ. ಬಂದರೆ ಕಾಲಿಂಚಿನ ಗಾತ್ರ, 7.9ರ ಹತ್ತಿರ ಬಂದರೆ 5/16 ಇಂಚಿನದು, 9.5ರ ಹತ್ತಿರ ಬಂದರೆ 3/8 ಇಂಚಿನದು. ಈ ಅಳತೆಗಳು ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ2044 ಎಂಬ ಮಾನದಂಡದವು; ಹೊರಗೆ ಸಿಗುವ ಒಳ್ಳೆಯ ಅಡಾಪ್ಟರುಗಳೂ ಅದೇ ಮಾನದಂಡಕ್ಕೆ ತಯಾರಾಗುತ್ತವೆ. ಕಣ್ಣಳತೆಯಲ್ಲಿ 7.9 ಮತ್ತು 8.5ರ ವ್ಯತ್ಯಾಸ ತಿಳಿಯುವುದಿಲ್ಲ, ಓ ರಿಂಗಿಗೆ ತಿಳಿಯುತ್ತದೆ. ಕ್ಯಾಲಿಪರ್ ಇಲ್ಲದೆ ಈ ಕೆಲಸ ಶುರು ಮಾಡಲೇಬೇಡಿ.

ಥ್ರೆಡ್ಡಿನ ಮೋಸ

ನಾಗದೇವಿ ಬೀದಿಯಲ್ಲಿ ಹಿತ್ತಾಳೆ, ಸ್ಟೀಲ್ ಫಿಟ್ಟಿಂಗುಗಳು ರಾಶಿ ರಾಶಿ ಸಿಗುತ್ತವೆ. ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಿ ಹಳೆಯ ಕಾರುಗಳಿಂದ ಬಿಚ್ಚಿದ್ದೂ ಸಿಗುತ್ತದೆ. ಅಲ್ಲಿನ ಅಂಗಡಿಯವರಿಗೆ ತಮ್ಮ ಸರಕು ಚೆನ್ನಾಗಿ ಗೊತ್ತು, ನಿಮ್ಮ ಕಾರು ಗೊತ್ತಿಲ್ಲ. ಅದಕ್ಕಾಗಿ ಮೂರು ಮೋಸಗಳನ್ನು ವಿವರವಾಗಿ ಹೇಳುತ್ತೇನೆ. ಇಲ್ಲಿ ಎಡವುವವರು ಬಹಳ ಮಂದಿ, ಪಳಗಿದ ಮೆಕ್ಯಾನಿಕ್ಕುಗಳೂ ಸೇರಿ.

ಮೊದಲನೆಯದು, ನಮ್ಮ ದೇಶದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬ್ರಿಟಿಷ್ ಅಳತೆಯ ಬಿ.ಎಸ್.ಪಿ. ಥ್ರೆಡ್, ಎಂದರೆ ತಿರುಪಿನ ಸುತ್ತು. ಅಮೆರಿಕದ ಗೇಜುಗಳು, ರೆಗ್ಯುಲೇಟರುಗಳು ಬರುವುದು ಎನ್.ಪಿ.ಟಿ. ಥ್ರೆಡ್ಡಿನಲ್ಲಿ. 1/8 ಇಂಚಿನ ಗಾತ್ರದಲ್ಲಿ ಬಿ.ಎಸ್.ಪಿ.ಗೆ ಇಂಚಿಗೆ 28 ಸುತ್ತು, ಎನ್.ಪಿ.ಟಿ.ಗೆ 27. ಒಂದೇ ಒಂದು ಸುತ್ತಿನ ವ್ಯತ್ಯಾಸ. ಆದ್ದರಿಂದ ಒಂದು ಇನ್ನೊಂದರೊಳಗೆ ಎರಡು ಮೂರು ಸುತ್ತು ಹಾಯಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಕೂತಿತು ಎಂದು ಅನಿಸುತ್ತದೆ. ಹಲ್ಲಿನ ಕೋನವೂ ಬೇರೆ, ಒಂದು 55 ಡಿಗ್ರಿ, ಇನ್ನೊಂದು 60. ಕೂತಿರುವುದಿಲ್ಲ, ಕಚ್ಚಿಕೊಂಡಿರುತ್ತದೆ ಅಷ್ಟೇ. ಬೆರಳಿನಿಂದ ತಿರುಗಿಸುವಾಗಲೇ ಬೇಗ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ ಥ್ರೆಡ್ ಗೇಜಿನಲ್ಲಿ ಅಳೆಯಿರಿ.

ಎರಡನೆಯದು ಇನ್ನೂ ಅಪಾಯಕಾರಿ, ಏಕೆಂದರೆ ಅಲ್ಲಿ ಥ್ರೆಡ್ ಸರಿಯಾಗಿಯೇ ಕೂರುತ್ತದೆ. ಪೈಪಿನ ತುದಿಯನ್ನು ಹೂವಿನಂತೆ ಅರಳಿಸಿ ಕೂರಿಸುವ ಜೋಡಣೆಗೆ ಫ್ಲೇರ್ ಎನ್ನುತ್ತಾರೆ. ಎ.ಸಿ., ಫ್ರಿಜ್ ರಿಪೇರಿ ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಫ್ಲೇರ್ 45 ಡಿಗ್ರಿಯದು. ರೇಸಿಂಗ್ ಸಾಮಾನಿನಲ್ಲಿ ಬರುವ ಎ.ಎನ್. ಫಿಟ್ಟಿಂಗಿನ ಕೋನ 37 ಡಿಗ್ರಿ. ಅಮೆರಿಕದ ಸೇನೆ ಮತ್ತು ನೌಕಾಪಡೆಯ ವಿಮಾನಗಳಿಗಾಗಿ ಬಂದ ಮಾನದಂಡವದು, ಹೈಡ್ರಾಲಿಕ್ ಅಂಗಡಿಯ ಜೆ.ಐ.ಸಿ. ಫಿಟ್ಟಿಂಗಿನ ಕೋನವೂ ಅಷ್ಟೇ. ಕಾಲಿಂಚಿನ ಗಾತ್ರದಲ್ಲಿ 45 ಡಿಗ್ರಿಯದಕ್ಕೂ 37 ಡಿಗ್ರಿಯದಕ್ಕೂ ಥ್ರೆಡ್ ಒಂದೇ, 7/16 ಇಂಚು, ಇಂಚಿಗೆ 20 ಸುತ್ತು. ನಟ್ಟು ಕೊನೆಯವರೆಗೂ ಸಲೀಸಾಗಿ ಹೋಗುತ್ತದೆ. ಒಳಗೆ ಮಾತ್ರ ಎರಡು ಶಂಕುಗಳು ಗೆರೆಯಷ್ಟು ಜಾಗದಲ್ಲಿ ತಾಗಿರುತ್ತವೆ. ಬಿಗಿ ಮಾಡಿದಷ್ಟೂ ಆ ಗೆರೆ ಲೋಹವನ್ನು ಕೊರೆಯುತ್ತದೆ, ಒಂದು ದಿನ ಒಸರಲು ತೊಡಗುತ್ತದೆ. ಎ.ಸಿ. ಅಂಗಡಿಯ ಹಿತ್ತಾಳೆಯನ್ನು ಪೆಟ್ರೋಲ್ ಲೈನಿನ ಹತ್ತಿರಕ್ಕೇ ತರಬೇಡಿ.

ಮೂರನೆಯದು ಬಿಳಿ ಟೇಪಿನ ಚಾಳಿ. ನಲ್ಲಿಗೆ ಸುತ್ತುವ ಟೇಪನ್ನು ಫ್ಲೇರಿಗೂ ಸುತ್ತುವವರಿದ್ದಾರೆ. ಫ್ಲೇರಿನಲ್ಲಿ, ಓ ರಿಂಗ್ ಇರುವ ಕಡೆ, ತಾಮ್ರದ ವಾಷರ್ ಇರುವ ಕಡೆ ತಡೆಯುವ ಕೆಲಸ ಥ್ರೆಡ್ಡಿನದಲ್ಲ, ಹಾಗಾಗಿ ಅಲ್ಲಿ ಟೇಪಿಗೆ ಕೆಲಸವೇ ಇಲ್ಲ. ಅದರ ಎಳೆ ಹರಿದು ಹೋಗಿ ಇಂಜೆಕ್ಟರಿನ ಸೂಕ್ಷ್ಮ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಚೂಪಾಗುತ್ತಾ ಹೋಗುವ ಎನ್.ಪಿ.ಟಿ. ಥ್ರೆಡ್ಡಿಗೆ ಮಾತ್ರ, ಪೆಟ್ರೋಲಿಗೆ ತಕ್ಕದ್ದು ಎಂದು ಬರೆದಿರುವ ದ್ರವ ಸೀಲಂಟನ್ನು ಮೊದಲ ಎರಡು ಸುತ್ತು ಬಿಟ್ಟು ತೆಳ್ಳಗೆ ಹಚ್ಚಿ. ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರನ್ನು ಪ್ರತಿ ಸಲವೂ ಹೊಸದು ಹಾಕಿ, ಒಮ್ಮೆ ಒತ್ತಿ ಚಪ್ಪಟೆಯಾದದ್ದು ಎರಡನೆಯ ಸಲ ಕೂರುವುದಿಲ್ಲ.

ಹೋಸ್, ಓ ರಿಂಗ್, ಕ್ಲಾಂಪ್

ಹೋಸಿನ ಮೈಮೇಲೆ ಅಚ್ಚಾಗಿರುವ ಬರಹವನ್ನು ಓದಿ. ಏನೂ ಬರೆದಿಲ್ಲವೆಂದರೆ ಕೊಳ್ಳಬೇಡಿ. ಎಸ್‌ಎಇ ಜೆ30 ಆರ್6, ಆರ್7 ಎಂದಿದ್ದರೆ ಅದು ಕಾರ್ಬ್ಯುರೇಟರ್ ಕಾರಿಗೆ, ಮರಳುವ ಪೈಪಿಗೆ, ಆವಿಯ ಪೈಪಿಗೆ. ಆರ್7ರ ಕೆಲಸದ ಒತ್ತಡವೇ 50 ಪಿ.ಎಸ್.ಐ., ಅಂದರೆ ಸುಮಾರು ಮೂರೂವರೆ ಬಾರ್. ಇಂಜೆಕ್ಷನ್ ಕಾರಿನಲ್ಲಿ ಅದು ದಿನವೂ ತನ್ನ ಮಿತಿಯಲ್ಲೇ ಬದುಕಬೇಕಾಗುತ್ತದೆ. ಇಂಜೆಕ್ಷನ್ನಿಗೆ ಆರ್9 ಎಂದು ಬರೆದಿರುವುದು ಬೇಕು. ಸ್ಕೂಟರಿಗೆ ಹಾಕುವ ಪಾರದರ್ಶಕ ಪೈಪು ಕೆಲವೇ ತಿಂಗಳಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿರಿಯುತ್ತದೆ. ಬಣ್ಣ ಬಣ್ಣದ ಸಿಲಿಕಾನ್ ಹೋಸ್ ರೇಡಿಯೇಟರ್ ನೀರಿಗೆ ಒಳ್ಳೆಯದು, ಪೆಟ್ರೋಲಿಗೆ ಅಲ್ಲ. ಪೆಟ್ರೋಲ್ ತಾಗಿದರೆ ಊದಿಕೊಳ್ಳುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಫಿಲ್ಟರನ್ನು ಇಂಜೆಕ್ಷನ್ ಲೈನಿಗೆ ಹಾಕುವುದು ನಮ್ಮಲ್ಲಿ ರೂಢಿಯೇ ಆಗಿಬಿಟ್ಟಿದೆ. ಅದು ಅರ್ಧ ಬಾರ್‌ನ ಲೆಕ್ಕದಲ್ಲಿ ತಯಾರಾದ ವಸ್ತು. ಅಂಟಿಸಿದ ಅದರ ಸಂದು ನಾಲ್ಕು ಬಾರ್‌ಗೆ ಬಿಟ್ಟುಕೊಂಡರೆ ಪೆಟ್ರೋಲ್ ನೇರವಾಗಿ ಬಿಸಿ ಎಂಜಿನ್ ಮೇಲೆ ಬೀಳುತ್ತದೆ.

ಎಥನಾಲಿನ ಲೆಕ್ಕ ಬೇರೆಯೇ ಇದೆ. 2023ರ ಫೆಬ್ರುವರಿಯಿಂದ ನಮ್ಮ ಬಂಕ್‌ಗಳಿಗೆ ಇ20 ಪೆಟ್ರೋಲ್ ಬರತೊಡಗಿತು, ಈಗ ಎಲ್ಲೆಡೆ ಅದೇ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇರುವ ಈ ಪೆಟ್ರೋಲ್ ಹಳೆಯ ಕಾಲದ ಸಾಧಾರಣ ರಬ್ಬರನ್ನು ಉಬ್ಬಿಸುತ್ತದೆ, ಒಣಗಿದಾಗ ಬಿರುಕು ಬಿಡಿಸುತ್ತದೆ. ಹೋಸ್ ಮತ್ತು ಓ ರಿಂಗ್ ಎರಡೂ ಎಥನಾಲಿಗೆ ಆಗುವಂಥವು ಎಂದು ತಯಾರಕರು ಬರೆದಿರಬೇಕು. ಓ ರಿಂಗಿಗೆ ಎಫ್.ಕೆ.ಎಂ. ಎಂಬ ರಬ್ಬರ್, ಅಂಗಡಿಯ ಮಾತಿನಲ್ಲಿ ವೈಟನ್, ಕೇಳಿ. ನಲ್ಲಿಯ ಕಪ್ಪು ಓ ರಿಂಗ್ ಅದೇ ಗಾತ್ರದ್ದಾದರೂ ಬೇಡ.

ಒಳಗೆ ಟೆಫ್ಲಾನ್, ಹೊರಗೆ ಸ್ಟೀಲ್ ಜಾಲರಿ ಇರುವ ಹೋಸ್ ದುಬಾರಿ, ಆದರೆ ಎಥನಾಲಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಹೆಗ್ಗಣದ ಹಲ್ಲಿಗೂ ಸುಲಭದಲ್ಲಿ ಬಗ್ಗುವುದಿಲ್ಲ. ಅದರ ತುದಿಗೆ ಬೇರೆಯೇ ಫಿಟ್ಟಿಂಗ್ ಬೇಕು: ಒಳಗಿನ ಟೆಫ್ಲಾನಿಗೂ ಜಾಲರಿಗೂ ನಡುವೆ ಆಲಿವ್ ಎಂಬ ಚಿಕ್ಕ ಲೋಹದ ಬಳೆ ಕೂರುತ್ತದೆ, ಒಮ್ಮೆ ಬಿಗಿದ ಆಲಿವನ್ನು ಮತ್ತೆ ಬಳಸುವಂತಿಲ್ಲ. ರಬ್ಬರ್ ಹೋಸಿನ ಫಿಟ್ಟಿಂಗ್ ಇದಕ್ಕೆ ಹೊಂದುವುದಿಲ್ಲ. ಸ್ಟೀಲ್ ಜಾಲರಿ ತಾಗಿದ್ದನ್ನೆಲ್ಲ ಅರದಂತೆ ತೇಯುತ್ತದೆ ಎಂಬುದೂ ನೆನಪಿರಲಿ. ಪಕ್ಕದಲ್ಲಿ ವೈರು ಇದ್ದರೆ ಅದರ ಪ್ಲಾಸ್ಟಿಕ್ ಸವೆದು ಕಿಡಿ ಹಾರುತ್ತದೆ.

ಕ್ಲಾಂಪ್ ಕೊಳ್ಳುವಾಗ ಪಟ್ಟಿಯಲ್ಲಿ ಸೀಳುಗಳಿಲ್ಲದ, ಅಂಚು ಮಡಿಸಿದ, ಚಿಕ್ಕ ಬೋಲ್ಟಿನಿಂದ ಬಿಗಿಯುವ ಫ್ಯುಯೆಲ್ ಇಂಜೆಕ್ಷನ್ ಕ್ಲಾಂಪನ್ನೇ ಕೇಳಿ. ಕೆಲವೇ ರೂಪಾಯಿಗಳ ವ್ಯತ್ಯಾಸ.

ಬಿಚ್ಚುವ ಮೊದಲು

ಎಂಜಿನ್ ಪೂರ್ತಿ ತಣ್ಣಗಿರಬೇಕು. ತೆರೆದ ಜಾಗ ಬೇಕು. ನೆಲಮಾಳಿಗೆಯ ಪಾರ್ಕಿಂಗ್ ಬೇಡ, ಗ್ಯಾರೇಜಿನ ಗುಂಡಿಯೂ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಸೇರಿದರೂ ಹೊತ್ತಿಕೊಳ್ಳಲು ಸಾಕು. ತಂತಿಯ ಬಲ್ಬಿರುವ ದೀಪ ಕೈತಪ್ಪಿ ಬಿದ್ದು ಒಡೆದರೆ ಬೆಂಕಿಗೆ ಅಷ್ಟೇ ಸಾಕು, ಎಲ್.ಇ.ಡಿ. ಟಾರ್ಚ್ ಮಾತ್ರ ಬಳಸಿ. ಪಕ್ಕದ ಮನೆಯ ಅಡುಗೆ ಒಲೆ, ಗೀಸರ್, ದೇವರ ದೀಪ, ಊದುಬತ್ತಿ ಎಲ್ಲಿವೆ ಎಂದು ಒಮ್ಮೆ ಸುತ್ತಲೂ ನೋಡಿ. ಎ.ಬಿ.ಸಿ. ಪುಡಿಯ ಅಗ್ನಿಶಾಮಕ ಕೈಗೆ ಸಿಗುವಂತೆ ಇರಲಿ, ಡಿಕ್ಕಿಯೊಳಗಲ್ಲ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಬೆಂಕಿ ನೀರಿನ ಮೇಲೆ ತೇಲಿ ಹರಡುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ನೈಟ್ರೈಲ್ ಗವಸು, ಮೈಮೇಲೆ ಹತ್ತಿ ಬಟ್ಟೆ.

ಒತ್ತಡ ಇಳಿಸುವುದು ಹೀಗೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗಿನ ಆವಿ ಬಿಟ್ಟು ಮತ್ತೆ ಮುಚ್ಚಿ. ಫ್ಯೂಸ್ ಪೆಟ್ಟಿಗೆಯಲ್ಲಿ ಇಂಧನ ಪಂಪಿನ ಫ್ಯೂಸ್ ಅಥವಾ ರಿಲೇ ಹುಡುಕಿ ಕಿತ್ತಿಡಿ. ಎಂಜಿನ್ ಸ್ಟಾರ್ಟ್ ಮಾಡಿ. ಪೈಪಿನಲ್ಲಿ ಉಳಿದ ಪೆಟ್ರೋಲ್ ಮುಗಿದ ಕೂಡಲೇ ಅದು ತಾನಾಗಿ ನಿಲ್ಲುತ್ತದೆ. ಇನ್ನೊಮ್ಮೆ ಎರಡು ಮೂರು ಸೆಕೆಂಡ್ ಸ್ಟಾರ್ಟರ್ ತಿರುಗಿಸಿ. ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ದೂರ ಸರಿಸಿ. ಇಷ್ಟಾದ ಮೇಲೂ ಪೈಪಿನಲ್ಲಿ ಒಂದಿಷ್ಟು ಪೆಟ್ರೋಲ್ ಇದ್ದೇ ಇರುತ್ತದೆ. ಬಿಚ್ಚುವಾಗ ಜೋಡಣೆಯ ಸುತ್ತ ದಪ್ಪ ಹತ್ತಿ ಬಟ್ಟೆ ಸುತ್ತಿ, ಕೆಳಗೆ ಲೋಹದ ತಟ್ಟೆ ಇಡಿ.

ಇನ್ನೊಂದು ಕೆಲಸವನ್ನು ಎಲ್ಲರೂ ಮರೆಯುತ್ತಾರೆ: ಬಿಚ್ಚುವ ಮೊದಲು ಜೋಡಣೆಯ ಹೊರಗಿನ ಕೆಸರನ್ನು ಬ್ರಷ್ಷಿನಿಂದ ಉಜ್ಜಿ, ಗಾಳಿ ಊದಿ ಸ್ವಚ್ಛ ಮಾಡುವುದು. ಒಂದು ಮರಳಿನ ಕಣ ಓ ರಿಂಗಿನ ಅಡಿಯಲ್ಲಿ ಸಿಕ್ಕಿದರೆ ಹೊಸ ಫಿಟ್ಟಿಂಗೂ ಸೋರುತ್ತದೆ.

ಕೂಡಿಸುವುದು

ಕಂಪನಿಯ ಗಂಡು ತುದಿಗೆ ಕ್ವಿಕ್ ಕನೆಕ್ಟ್ ಅಡಾಪ್ಟರ್ ಹಾಕುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ, ಏಕೆಂದರೆ ಏನನ್ನೂ ಕತ್ತರಿಸಬೇಕಾಗಿಲ್ಲ, ನಾಳೆ ಬೇಡವೆನಿಸಿದರೆ ಹಳೆಯದನ್ನೇ ಮರಳಿ ಕೂಡಿಸಬಹುದು. ಹಳೆಯ ಕನೆಕ್ಟರನ್ನು ಬಿಚ್ಚುವಾಗ ಮೊದಲು ಒಳಕ್ಕೆ ಒತ್ತಿ, ಬೀಗದ ಕಿವಿಗಳನ್ನು ಅದುಮಿ, ಆಮೇಲೆ ನೇರವಾಗಿ ಎಳೆಯಿರಿ. ತಿರುಚಿ ಎಳೆದರೆ ಪ್ಲಾಸ್ಟಿಕ್ ಮುರಿಯುತ್ತದೆ. ಗಂಡು ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಉದ್ದಕ್ಕೆ ಗೀರು ಇದ್ದರೆ ಅದೇ ಗೀರಿನಲ್ಲಿ ಪೆಟ್ರೋಲ್ ಹೊರಗೆ ಬರುತ್ತದೆ. ಉಗುರಿಗೆ ತಾಗುವಷ್ಟು ಆಳವಾಗಿದ್ದರೆ ಆ ಪೈಪು ಬದಲಾಗಬೇಕು.

ಅಡಾಪ್ಟರುಗಳಲ್ಲಿ ಎರಡು ಬಗೆ. ಒಂದು, ಪ್ಲಾಸ್ಟಿಕ್ ಕ್ಲಿಪ್ ಬಳೆಯ ಹಿಂದೆ ಬಿದ್ದು ಹಿಡಿಯುವುದು. ಇನ್ನೊಂದು, ಎರಡು ಭಾಗದ ಕಾಲರನ್ನು ಥ್ರೆಡ್ ನಟ್ಟಿನಿಂದ ಬಿಗಿಯುವುದು. ನಾನು ಎಂಜಿನ್ ಹತ್ತಿರದ ಬಿಸಿ, ನಡುಕದ ಜಾಗದಲ್ಲಿ ಎರಡನೆಯದನ್ನೇ ಹಾಕುತ್ತೇನೆ. ಕ್ಲಿಪ್ಪಿನದು ಅಗ್ಗ, ಹಾಕಲು ಸುಲಭ. ಆದರೆ ಅದು ಅರ್ಧ ಕೂತಿದ್ದರೂ ಪೂರ್ತಿ ಕೂತಂತೆ ಕಾಣುತ್ತದೆ. ಓ ರಿಂಗಿಗೆ ಒಂದು ಹನಿ ಶುದ್ಧ ಎಂಜಿನ್ ಆಯಿಲ್ ಸವರಿ ನೇರವಾಗಿ ಒತ್ತಿ. ಟಕ್ ಎಂಬ ಸದ್ದು ಕೇಳಬೇಕು, ಬೆರಳಿಗೂ ತಿಳಿಯಬೇಕು. ಆಮೇಲೆ ಹಿಂದಕ್ಕೆ ಬಲವಾಗಿ ಎಳೆದು ನೋಡಿ. ಕಾಲರಿನದ್ದಾದರೆ ಬಳೆ ಕಾಲರಿನ ಒಳಗೇ ಇದೆಯೆಂದು ಕಣ್ಣಾರೆ ಕಂಡ ಮೇಲೆಯೇ ನಟ್ಟು ಬಿಗಿಯಿರಿ.

ಅಡಾಪ್ಟರಿನ ಇನ್ನೊಂದು ಬದಿ ಎ.ಎನ್. ಆಗಿದ್ದರೆ ಆರನೆಯ ನಂಬರು ಎಂದರೆ ಇಂಚಿನ ಹದಿನಾರನೇ ಆರು ಪಾಲು, ಅಂದರೆ 9.5 ಮಿ.ಮೀ. ಪೈಪಿಗೆ ಹೊಂದುವುದು, ಅದರ ಥ್ರೆಡ್ 9/16 ಇಂಚು, ಇಂಚಿಗೆ 18 ಸುತ್ತು. ಕೈಯಿಂದ ಕೊನೆಯವರೆಗೆ ತಿರುಗಿಸಿ, ಆಮೇಲೆ ಎರಡು ಸ್ಪ್ಯಾನರ್ ಹಿಡಿಯಿರಿ: ಒಂದು ಹಿಡಿಯಲು, ಒಂದು ತಿರುಗಿಸಲು. ಒಂದೇ ಸ್ಪ್ಯಾನರಿನಲ್ಲಿ ಬಿಗಿದರೆ ಆ ತಿರುಚು ಪೂರ್ತಿ ಕಂಪನಿಯ ಪೈಪಿಗೆ ಹೋಗುತ್ತದೆ. ಅಲ್ಯೂಮಿನಿಯಂ ಮೆದು ಲೋಹ, ತಯಾರಕರು ಕೊಟ್ಟ ಟಾರ್ಕ್ ಅಂಕಿಯನ್ನು, ಎಂದರೆ ಬಿಗಿಯುವ ಬಲದ ಅಳತೆಯನ್ನು, ಮೀರಬೇಡಿ. ಬಿಗಿದ ಮೇಲೆ ನಟ್ಟಿನಿಂದ ಪೈಪಿನ ಮೇಲಕ್ಕೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಮುಂದೆ ಸಡಿಲಾದರೆ ಗೆರೆ ಮುರಿದು ಕಾಣುತ್ತದೆ.

ಉಕ್ಕಿನ ಪೈಪನ್ನು ಕತ್ತರಿಸಲೇಬೇಕಾದರೆ ಪೈಪ್ ಕಟರಿನಿಂದ ಕತ್ತರಿಸಿ, ಹ್ಯಾಕ್ಸಾ ಬೇಡ. ಹ್ಯಾಕ್ಸಾದ ಪುಡಿ ಒಳಗೆ ಉಳಿಯುತ್ತದೆ. ಗ್ರೈಂಡರ್ ಅಂತೂ ಕಿಡಿಯ ಮೂಲ, ಅದರ ಹೆಸರೂ ಎತ್ತಬೇಡಿ. ಒಳ ಅಂಚು ಕೆರೆದು ನುಣುಪು ಮಾಡಿ, ಪೈಪನ್ನು ತೊಳೆದು ಊದಿ. ರಬ್ಬರ್ ಹೋಸ್ ಕೂಡಿಸುವುದಾದರೆ ತುದಿಯಲ್ಲಿ ಉಪಕರಣದಿಂದ ಒಂದು ಬಳೆ ಎಬ್ಬಿಸಲೇಬೇಕು. ಹೋಸ್ ಬಳೆಯನ್ನು ದಾಟಿ ಒಂದಿಂಚು ಒಳಗೆ ಹೋಗಬೇಕು, ಕ್ಲಾಂಪ್ ಬಳೆಯ ಹಿಂದೆ ಕೂರಬೇಕು. ಬಳೆಯಿಲ್ಲದ ನುಣುಪು ಪೈಪಿನ ಮೇಲೆ ಎಷ್ಟು ಕ್ಲಾಂಪ್ ಹಾಕಿದರೂ ನಾಲ್ಕು ಬಾರ್ ಒತ್ತಡ ಹೋಸನ್ನು ನಿಧಾನವಾಗಿ ಹೊರಗೆ ತಳ್ಳುತ್ತದೆ.

ನೈಲಾನ್ ಪೈಪಿನ ವಿಷಯದಲ್ಲಿ ನಾನು ಹಠಮಾರಿ. ಕುಂದಾಪುರದವರ ಕಾರಿನಲ್ಲಿ ಆಗಿದ್ದು ಅದೇ. ನೈಲಾನ್ ಮೇಲೆ ರಬ್ಬರ್ ಹೋಸ್ ಹಾಕಿ ಕ್ಲಾಂಪ್ ಬಿಗಿದರೆ ನೈಲಾನ್ ಒಳಕ್ಕೆ ಕುಗ್ಗುತ್ತದೆ, ಹಿಡಿತ ಹೋಗುತ್ತದೆ. ಲೈಟರಿನಿಂದ ಕಾಯಿಸಿ ಮೆದು ಮಾಡಿ ನಿಪ್ಪಲ್ ತುರುಕುವವರಿದ್ದಾರೆ. ಪೆಟ್ರೋಲ್ ಪೈಪಿನ ಹತ್ತಿರ ಬೆಂಕಿ ಎಂಬುದು ಒಂದು ತಪ್ಪು, ಕಾದ ನೈಲಾನಿನ ಬಲ ಹೋಗುತ್ತದೆ ಎಂಬುದು ಇನ್ನೊಂದು. ಸರಿಯಾದ ದಾರಿ ಎರಡೇ: ಆ ತುಂಡನ್ನು ಕಂಪನಿಯ ಭಾಗವಾಗಿಯೇ ತರಿಸಿ ಬದಲಿಸುವುದು, ಅಥವಾ ಅದೇ ಗಾತ್ರದ ಇಂಧನ ನೈಲಾನಿಗೆ ಮುಳ್ಳು ಹಲ್ಲಿನ ತುದಿಯನ್ನು ಒತ್ತು ಉಪಕರಣದಲ್ಲಿ ತಣ್ಣಗೇ ಒತ್ತಿ ಕೂರಿಸುವುದು. ನಾನು ಅವರಿಗೆ ಮೊದಲನೆಯದನ್ನು ಮಾಡಿದೆ. ಭಾಗ ಬರಲು ಎರಡು ದಿನ ಹಿಡಿಯಿತು, ಅವರು ಚೌತಿಯ ಹಿಂದಿನ ದಿನ ಬೆಳಗಿನ ಜಾವ ಹೊರಟರು. ತಡವಾಯಿತೆಂದು ಮನೆಯವರಿಗೆ ಬೇಸರವಿತ್ತು, ನನಗೆ ಇರಲಿಲ್ಲ.

ಹಾದಿ

ಎಂಜಿನ್ ತನ್ನ ರಬ್ಬರ್ ಮೌಂಟುಗಳ ಮೇಲೆ ಸದಾ ಓಲಾಡುತ್ತಿರುತ್ತದೆ, ಬಾಡಿ ಓಲಾಡುವುದಿಲ್ಲ. ಎರಡರ ನಡುವೆ ಗಟ್ಟಿ ಪೈಪು ಹಾಕಿದರೆ ಒಂದು ದಿನ ಬಿರಿಯುತ್ತದೆ. ಅಲ್ಲಿ ಬಾಗುವ ಹೋಸ್ ಇರಲಿ, ತುಸು ಸಡಿಲವಾಗಿರಲಿ. ಸೈಲೆನ್ಸರ್ ಕೊಳವೆಯಿಂದ ಒಂದು ಅಂಗೈಯಗಲವಾದರೂ ದೂರ, ಆಗದಿದ್ದರೆ ನಡುವೆ ಶಾಖ ತಡೆಯುವ ತಗಡು. ತಗಡಿನ ತೂತು ದಾಟುವಲ್ಲಿ ಅಂಚು ತಾಗದಂತೆ ಗ್ರೋಮೆಟ್ ಎಂಬ ರಬ್ಬರ್ ಉಂಗುರ. ಪ್ರೆಷರ್ ಗೇಜ್ ಬೇಕೆಂದರೆ ಬಾನೆಟ್ಟಿನ ಕೆಳಗೇ ಇರಲಿ, ಅಥವಾ ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಸೆಂಡರ್ ಹಾಕಿ ಒಳಗೆ ಬರೀ ವೈರು ತನ್ನಿ. ಪೆಟ್ರೋಲ್ ತುಂಬಿದ ಕೊಳವೆಯನ್ನು ಜನ ಕೂರುವ ಜಾಗಕ್ಕೆ ಎಂದಿಗೂ ತರಬಾರದು.

ಪರೀಕ್ಷೆ

ಫ್ಯೂಸ್, ಬ್ಯಾಟರಿ ಮರಳಿ ಕೂಡಿಸಿ. ಒಬ್ಬರು ಕೀಲಿಯ ಹತ್ತಿರ, ನೀವು ಬಾನೆಟ್ಟಿನ ಹತ್ತಿರ. ಎಂಜಿನ್ ಸ್ಟಾರ್ಟ್ ಮಾಡಬೇಡಿ. ಕೀಲಿಯನ್ನು ಆನ್ ಮಾಡಿದರೆ ಪಂಪ್ ಎರಡು ಮೂರು ಸೆಕೆಂಡ್ ಗುಂಯ್‌ಗುಟ್ಟಿ ನಿಲ್ಲುತ್ತದೆ. ಆಫ್ ಮಾಡಿ, ಮತ್ತೆ ಆನ್. ಹೀಗೆ ನಾಲ್ಕು ಸಲ. ಒಣಗಿದ ಬಿಳಿ ಟಿಶ್ಯೂ ಕಾಗದವನ್ನು ಪ್ರತಿ ಜೋಡಣೆಯ ಸುತ್ತಲೂ ಅದುಮಿ ತೆಗೆಯಿರಿ. ಕಣ್ಣಿಗೆ ಕಾಣದ ಒಸರು ಕಾಗದದ ಮೇಲೆ ಒದ್ದೆಯ ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಎಷ್ಟೇ ಚಿಕ್ಕದಿರಲಿ, ಒತ್ತಡ ಇಳಿಸಿ, ಬಿಚ್ಚಿ, ಕಾರಣ ಹುಡುಕಿ. ಇನ್ನಷ್ಟು ಬಿಗಿ ಮಾಡಿ ನಿಲ್ಲಿಸಲು ಹೋಗಬೇಡಿ.

ಆಮೇಲೆ ಸ್ಟಾರ್ಟ್ ಮಾಡಿ ಐದು ನಿಮಿಷ ಓಡಿಸಿ, ಮತ್ತೆ ಕಾಗದ. ಹತ್ತು ಕಿಲೋಮೀಟರ್ ಹೋಗಿ ಬಂದು ಬಿಸಿಯಿರುವಾಗ ಮತ್ತೆ ಕಾಗದ, ಎಕ್ಸಾಸ್ಟಿಗೆ ಕೈ ತಾಗದಂತೆ. ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಬಾನೆಟ್ ಎತ್ತಿದ ಕೂಡಲೇ ಮೂಗು ಹತ್ತಿರ ಒಯ್ಯಿರಿ. ಬೆಳಗಿನ ತಣ್ಣಗಿನ ಗಾಳಿಯಲ್ಲಿ ಮೂಗಿನಷ್ಟು ನಂಬಿಕಸ್ಥ ಉಪಕರಣ ಇನ್ನೊಂದಿಲ್ಲ. ನೂರು ಕಿಲೋಮೀಟರ್ ಆದ ಮೇಲೆ ಒಮ್ಮೆ, ಸಾವಿರ ಆದ ಮೇಲೆ ಇನ್ನೊಮ್ಮೆ ಬಣ್ಣದ ಗೆರೆಗಳನ್ನು ನೋಡಿ. ಊರಿಗೆ ಹೋಗುವ ಪ್ರಯಾಣವಿದ್ದರೆ ನೂರು ಕಿಲೋಮೀಟರಿನ ಪರೀಕ್ಷೆಯನ್ನು ಮುಂಬಯಿಯಲ್ಲೇ ಮುಗಿಸಿಕೊಂಡು ಹೊರಡಿ.

ಪೆಟ್ರೋಲಿನಲ್ಲಿ ನೆನೆದ ಬಟ್ಟೆಗಳನ್ನು ಮುಚ್ಚಿದ ಡಬ್ಬಿಗೆ ತುರುಕದೆ ತೆರೆದ ಜಾಗದಲ್ಲಿ, ಜನ ಓಡಾಡದ ಕಡೆ ಹರವಿ ಒಣಗಿಸಿ. ಬಿಚ್ಚಿದ ಹಳೆಯ ಹೋಸ್, ಒಮ್ಮೆ ಬಳಸಿದ ಕ್ಲಿಪ್, ಚಪ್ಪಟೆಯಾದ ವಾಷರ್ ಯಾವುದನ್ನೂ ಡಿಕ್ಕಿಯಲ್ಲಿ “ಇರಲಿ” ಎಂದು ಇಟ್ಟುಕೊಳ್ಳಬೇಡಿ. ನಡುದಾರಿಯಲ್ಲಿ ಕೆಟ್ಟು ನಿಂತಾಗ ಯಾರಾದರೂ ಅದನ್ನೇ ಮತ್ತೆ ಕೂಡಿಸುತ್ತಾರೆ. ಹೋಸನ್ನು ಉದ್ದಕ್ಕೆ ಸೀಳಿ, ಆಮೇಲೆ ಎಸೆಯಿರಿ.